ಟೀಚರಿಗೆ ಮಾರ್ಕ್ಸ್ ಹಾಕಿದ ದಿನಗಳು

ಮಕ್ಕಳಿಗೆ ಪರೀಕ್ಷೆ ಇದ್ದ ದಿನ ಗಂಟೆ ಬಾರಿಸುವುದು ನನ್ನ ಕೆಲಸ. ಮಾಸ್ತರರಿಗೆ ಪರೀಕ್ಷೆ ಇದ್ದ ದಿನ ಕುರ್ಚಿ ಹೊರುವುದು ನನ್ನ ಕೆಲಸ. ಎರಡರಲ್ಲಿ ಕುರ್ಚಿಯದೇ ಕಷ್ಟ. ಗಂಟೆ ಒಂದು ಕ್ಷಣ ತಡವಾದರೆ ಮಕ್ಕಳು ಬೈದುಕೊಂಡು ಸುಮ್ಮನಾಗುತ್ತಾರೆ. ಕುರ್ಚಿಯನ್ನು ತಪ್ಪು ಜಾಗದಲ್ಲಿ ಇಟ್ಟರೆ ಒಬ್ಬ ಮಾಸ್ತರರ ವರ್ಷವೇ ಕೆಡುತ್ತದೆ.

ನಮ್ಮ ಕನ್ನಡ ಶಾಲೆ ಸನತ್‌ನಗರದ ಫ್ಯಾಕ್ಟರಿ ಶೆಡ್ಡುಗಳ ಹಿಂದೆ ಇತ್ತು. ಹೈದರಾಬಾದಿಗೆ ನೌಕರಿಗೆಂದು ಬಂದು ಅಲ್ಲೇ ಬೇರು ಬಿಟ್ಟ ಉತ್ತರ ಕರ್ನಾಟಕದ ಕುಟುಂಬಗಳು ಸೇರಿ ಕಟ್ಟಿದ್ದು. ನಾನು ಅಲ್ಲಿ ಅಟೆಂಡರ್. ಚಿಂಚೋಳಿ ಕಡೆಯವನು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಾನು ಬಿಟ್ಟರೂ ಶಾಲೆ ನನ್ನನ್ನು ಬಿಡಲಿಲ್ಲ. ರಿಟೈರ್ ಆಗುವ ತನಕ ಇಟ್ಟುಕೊಂಡಿತು. ಕೀಲಿಕೈ ನನ್ನ ಸೊಂಟದಲ್ಲಿತ್ತು. ನಾನು ಬಂದು ಬಾಗಿಲು ತೆಗೆಯದೆ ಆ ಶಾಲೆ ಒಂದು ದಿನವೂ ಶುರುವಾಗಿಲ್ಲ. ಎಂಥೆಂಥ ಡಬಲ್ ಎಂ.ಎ.ಗಳೂ ಗೇಟಿನ ಹೊರಗೆ ನಿಂತು, "ಬಂದ್ಯಾ ಶರಣಪ್ಪಾ, ತಗಿ ಮಾರಾಯಾ" ಅಂದದ್ದುಂಟು.

ಈಗ ಈ ಕೆಲಸಕ್ಕೆ ಸೇರುವ ಹುಡುಗರು ನನ್ನ ಹತ್ತಿರ ಬಂದು, "ಅಣ್ಣಾ, ಅಟೆಂಡರ್ ಕೆಲಸದಾಗ ಏನೈತಿ? ಗಂಟಿ ಹೊಡಿಯೋದು, ಚಾ ತರೋದು" ಎನ್ನುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಹಾ ತರುವವನಿಗೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ. ಮಕ್ಕಳನ್ನು ಅಳೆಯುವ ಮಾಸ್ತರರನ್ನು ಬೇರೆಯವರು ಬಂದು ಅಳೆಯುವುದನ್ನು ನಿಂತು ನೋಡುವ ಭಾಗ್ಯ ಇನ್ನಾರಿಗೂ ಇಲ್ಲ.

ಮೊದಲಿನ ಕಾಲದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ವರ್ಷಕ್ಕೊಮ್ಮೆ ಬರುತ್ತಿದ್ದರು. ಒಂದೊಂದು ವರ್ಗಕ್ಕೂ ಹೋಗಿ ಹಿಂದೆ ಕುಳಿತು ಪಾಠ ಕೇಳುವುದು ಪದ್ಧತಿ. ಅವರು ಕುಳಿತುಕೊಳ್ಳಬೇಕಾದದ್ದು ಹೆಡ್‌ಮಾಸ್ತರರ ಕೋಣೆಯ ಕೈಯಿರುವ ಕುರ್ಚಿಯಲ್ಲಿ. ಅದನ್ನು ತಲೆಯ ಮೇಲೆ ಹೊತ್ತು ಸಾಹೇಬರಿಗಿಂತ ಎರಡು ಹೆಜ್ಜೆ ಮುಂದೆ ನಾನು. ಎಲ್ಲಿ ಇಡಬೇಕು ಎನ್ನುವುದೇ ವಿದ್ಯೆ. ಕಿಟಕಿಯ ಹತ್ತಿರ ಇಟ್ಟರೆ ಸಾಹೇಬರು ಹೊರಗೆ ನೋಡುತ್ತಾರೆ, ಪಾಠ ಚೆನ್ನಾಗಿದ್ದರೂ ಮಾರ್ಕ್ಸ್ ಹೋಗುತ್ತದೆ. ಫ್ಯಾನಿನ ಕೆಳಗೆ ಇಟ್ಟರೆ ಕಣ್ಣು ಎಳೆಯುತ್ತದೆ. ನಮ್ಮ ಹೆಡ್‌ಮಾಸ್ತರ್ ದೇಶಪಾಂಡೆ ಸರ್ ಮುಂಚಿತವಾಗಿಯೇ ನನ್ನ ಕಿವಿಯಲ್ಲಿ ಹೇಳಿಬಿಡುತ್ತಿದ್ದರು.

"ಗಣಿತದ ವರ್ಗದಾಗ ಕಿಟಕಿ ಬಿಟ್ಟು ದೂರ ಇಡು. ಇತಿಹಾಸದ ಮಾಸ್ತರ್ರ ವರ್ಗದಾಗ ಫ್ಯಾನ್ ಕೆಳಗs ಇಡು."

"ಫ್ಯಾನ್ ಕೆಳಗ ನಿದ್ದಿ ಬರ್ತದಲ್ರೀ ಸರ್?"

"ಬರ್ಲಿ ಅಂತನs ಅನ್ನೋದು!"

ದೇಶಪಾಂಡೆ ಸರ್ ಬಹಳ ಒಳ್ಳೆಯವರು, ಬಹಳ ಹೆದರುವವರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ಏನಾದರೂ ಆದರೆ ಮೊದಲು ಹೊರಡುವ ಮಾತು, "ಖತಂ, ಶರಣಪ್ಪಾ, ಖತಂ." ಶಾಲೆಯ ನಲ್ಲಿ ಸೋರಿದರೂ ಖತಂ, ಸರಕಾರದಿಂದ ಟಪಾಲು ಬಂದರೂ ಖತಂ. ಖತಂ ಅನ್ನುತ್ತಲೇ ಅಷ್ಟು ವರ್ಷ ಶಾಲೆ ನಡೆಸಿದರು.

ಸಾಹೇಬರು ಗೇಟಿಗೆ ಬಂದರೆಂದು ಮಾಸ್ತರರಿಗೆ ತಿಳಿಸಲು ಸರ್ ಒಂದು ಗುಟ್ಟಿನ ಪದ್ಧತಿ ಮಾಡಿದ್ದರು. ನಾನು ಹಿತ್ತಾಳೆಯ ತಟ್ಟೆಯಲ್ಲಿ ಮುಚ್ಚಿದ ನೀರಿನ ಲೋಟ ಇಟ್ಟುಕೊಂಡು ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ತಟ್ಟೆ ಕಂಡ ಕೂಡಲೇ ಪ್ರತಿ ವರ್ಗದಲ್ಲೂ ತಯಾರಿಯಾಗಿದ್ದ ಪಾಠ ಶುರು. ಕೈಚೀಲದಿಂದ ನಕಾಶೆ ಹೊರಬರುತ್ತಿತ್ತು, ಮಕ್ಕಳು ನೆಟ್ಟಗೆ ಕೂರುತ್ತಿದ್ದರು.

ಒಂದು ಬೇಸಗೆಯಲ್ಲಿ ಕರೆಂಟಿನ ಮೀಟರ್ ನೋಡುವವನೊಬ್ಬ ಬಂದ. ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಬಿಸಿಲಲ್ಲಿ ಸೈಕಲ್ ತುಳಿದು ಬಂದು ಏದುಸಿರು. ಮೀಟರು ಇದ್ದದ್ದು ವರಾಂಡದ ಆ ತುದಿಯಲ್ಲಿ. ಪಾಪ ಎಂದು ನಾನು ಒಂದು ಲೋಟ ನೀರು ತೆಗೆದುಕೊಂಡು ಹೊರಟೆ. ಕೈಗೆ ಸಿಕ್ಕಿದ್ದು ಅದೇ ಹಿತ್ತಾಳೆಯ ತಟ್ಟೆ. ನಾನು ಅರ್ಧ ವರಾಂಡ ದಾಟುವಷ್ಟರಲ್ಲಿ ಇಡೀ ಶಾಲೆಯಲ್ಲಿ ಬೆಂಚುಗಳ ಸಪ್ಪಳ. ಆ ಮನುಷ್ಯ ಐದನೆಯ ವರ್ಗದ ಬಾಗಿಲ ಮುಂದೆ ಬಂದದ್ದೇ ತಡ, ಮಕ್ಕಳೆಲ್ಲ ಎದ್ದು ನಿಂತು, "ನಮಸ್ಕಾರ ಸಾಹೇಬರೇ" ಎಂದು ಹಾಡಿದರು. ಮಾಸ್ತರರು ಓಡಿಬಂದು ತಮ್ಮ ಕುರ್ಚಿಯನ್ನೇ ಹಿಂದೆ ಹಾಕಿ, "ದಯಮಾಡಿ" ಎಂದರು. ನಾನು ಕಣ್ಣು ಸನ್ನೆ ಮಾಡುತ್ತಿದ್ದೆ, ನೋಡುವವರು ಯಾರು? ಮೀಟರಿನವನು ಕುಳಿತುಬಿಟ್ಟ. ದಕ್ಷಿಣ ಭಾರತದ ನದಿಗಳ ಪಾಠ ಪೂರ್ತಿ ಕೇಳಿದ. ಪಾಠ ಮುಗಿದ ಮೇಲೆ ಎದ್ದು ತೆಲುಗಿನಲ್ಲಿ, "ಚಾಲಾ ಬಾಗಾ ಚೆಪ್ಪಾರು ಸಾರ್" ಎಂದು ಪಾಠವನ್ನು ಹೊಗಳಿ, "ಮೀಟರ್ ಎಕ್ಕಡ?" ಎಂದು ಮೀಟರಿನ ಜಾಗ ಕೇಳಿದ.

ಆ ಮಾಸ್ತರರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: "ಶರಣಪ್ಪಾ, ಇಷ್ಟು ವರ್ಷದಾಗ ನನ್ನ ಪಾಠ ಪೂರಾ ಕೇಳಿದಾವ ಅವನೊಬ್ಬನs ನೋಡು."

ಆಮೇಲೆ ಊರು ಬದಲಾಯಿತು. ಮಾದಾಪುರದ ಕಡೆ ಬರೀ ಬಂಡೆಗಳಿದ್ದ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ನಮ್ಮ ಶಾಲೆಗೂ ಆ ಕಟ್ಟಡಗಳಿಗೂ ಸಂಬಂಧವೇನು ಅನ್ನಬಹುದು. ಸಂಬಂಧ ಇತ್ತು, ಅದೂ ಎರಡು ಕಡೆಯಿಂದ. ಹಳೆಯ ಕುಟುಂಬಗಳವರು ತಮ್ಮ ಮೊಮ್ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದರು, ಕಂಪ್ಯೂಟರ್ ಕಾಲ ಎಂದು. ಖಾಲಿಯಾದ ಬೆಂಚುಗಳಲ್ಲಿ ಆ ಕಟ್ಟಡ ಕಟ್ಟಲು ಬಂದವರ ಮಕ್ಕಳು ಕೂತರು. ಯಾದಗಿರಿ, ಸೇಡಂ, ಸುರಪುರದ ಕಡೆಯ ಗೌಂಡಿಗಳು, ಕಲ್ಲು ಹೊರುವವರು. ತಗಡಿನ ಶೆಡ್ಡಿನಲ್ಲಿ ವಾಸ. ಒಂದು ಕಟ್ಟಡ ಮುಗಿದರೆ ಮುಂದಿನ ಕಟ್ಟಡಕ್ಕೆ ಸಂಸಾರ ಎತ್ತುತ್ತಾರೆ. ಮಗು ಜೂನಿನಲ್ಲಿ ಇದ್ದರೆ ದೀಪಾವಳಿಗೆ ಇಲ್ಲ, ಸಂಕ್ರಾಂತಿಗೆ ಮತ್ತೊಂದು ಹೊಸ ಮಗು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕಂತ್ರಾಟದಾರನ ಮುಂದೆ ಹಿಂದಿ. ಬಾಯಿ ಬಿಟ್ಟರೆ ಮೂರೂ ಒಟ್ಟಿಗೆ ಬೀಳುತ್ತಿದ್ದವು.

ಈ ಮಕ್ಕಳೆಲ್ಲ ಮೊದಲು ಬಂದು ಬೀಳುತ್ತಿದ್ದದ್ದು ಎರಡನೆಯ ವರ್ಗಕ್ಕೆ, ಸುಮಂಗಲಾ ಟೀಚರ ಕೈಗೆ. ಬೀದರಿನವರು. ಸಣ್ಣ ಆಳು, ದೊಡ್ಡ ದನಿ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಪಾಠಕ್ಕೆ ನಿಂತರೆ ಭತ್ತ ಕುಟ್ಟಲು ನಿಂತಂತೆ ಕಾಣುತ್ತಿತ್ತು. ಗಂಡ ತೀರಿಕೊಂಡಿದ್ದರು, ಅತ್ತೆಯನ್ನೂ ಓದುವ ಮಗಳನ್ನೂ ಅದೇ ಸಂಬಳದಲ್ಲಿ ಸಾಕುತ್ತಿದ್ದರು. ಅವರದು ಕಾಯಂ ನೌಕರಿ ಅಲ್ಲ, ವರ್ಷ ವರ್ಷ ಹೊಸ ಆರ್ಡರು ಸಿಗಬೇಕು. ಹೊಸ ಮಗು ಬಂದ ದಿನ ಟೀಚರ್ ಪುಸ್ತಕ ತೆಗೆಯುತ್ತಿರಲಿಲ್ಲ. "ನಿಮ್ಮಪ್ಪ ಯಾವ ಬಿಲ್ಡಿಂಗ್ ಕಟ್ತಾನ? ಎಷ್ಟ್ ಅಂತಸ್ತು? ಕೈಲೆ ತೋರ್ಸು" ಎಂದು ಕೇಳುತ್ತಿದ್ದರು. ಹುಡುಗ ಬೆರಳು ಎಣಿಸಿ ಸಾಲದೆ ಪಕ್ಕದವನ ಬೆರಳು ಎರವಲು ಕೇಳುತ್ತಿದ್ದ. ಅದೇ ಗಣಿತದ ಮೊದಲ ಪಾಠ.

ಅದೇ ಕಾಲಕ್ಕೆ ಶಾಲೆಯ ಕಮಿಟಿಗೆ ಹೊಸ ಸೆಕ್ರೆಟರಿ ಬಂದರು. ಆ ಗಾಜಿನ ಆಫೀಸುಗಳಿಗೆ ಮೇಜು ಕುರ್ಚಿ ಒದಗಿಸುವ ವ್ಯಾಪಾರ ಅವರದು, ಅಲ್ಲಿನ ಗಾಳಿ ಚೆನ್ನಾಗಿಯೇ ತಗಲಿತ್ತು. ಮೀಟಿಂಗಿಗೆ ನಾನು ಚಹಾ ಒಯ್ದಾಗ ಅವರು ಹೇಳುತ್ತಿದ್ದರು: "ಅಲ್ಲಿ ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಸ್ಕೋರ್ ಕೊಡ್ತಾರೆ ಸರ್. ಸ್ಕೋರ್ ಬಂದ್ರೆ ಇರ್ತಾನೆ, ಇಲ್ದಿದ್ರೆ ಹೋಗ್ತಾನೆ. ನಮ್ಮ ಟೀಚರ್‌ಗಳಿಗೆ ಯಾಕೆ ಬೇಡ?"

ದೇಶಪಾಂಡೆ ಸರ್ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. ನನಗೆ ಆಗಲೇ ಕೇಳಿಸಿತು, ಖತಂ.

ಸ್ಕೋರ್ ಹಾಕಲು ಒಂದು ಕಂಪನಿಯಿಂದ ಪಲ್ಲವಿ ಮೇಡಂ ಬಂದರು. ನಾರಾಯಣಗೂಡದ ಹಳೆಯ ಕನ್ನಡ ಮನೆತನದ ಹುಡುಗಿ. ಕನ್ನಡ ತಿಳಿಯುತ್ತದೆ ಎಂದೇ ಅವರನ್ನು ಕಳಿಸಿದ್ದರು. ಕೈಯಲ್ಲಿ ಲ್ಯಾಪ್‌ಟಾಪು, ಕುತ್ತಿಗೆಗೆ ಪಟ್ಟಿ, ಪಟ್ಟಿಗೆ ಅವರದೇ ಫೋಟೋ. ನಾನು ರೂಢಿಯಂತೆ ಕೈಕುರ್ಚಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಹೌಹಾರಿಬಿಟ್ಟರು.

"ಅಯ್ಯೋ ಅಂಕಲ್! ಇಳಿಸ್ರಿ! ಯಾರು ಹೇಳಿದ್ರು ನಿಮಗ?"

"ಇದು ನನ್ನ ಕೆಲಸ ರೀ ಮೇಡಂ."

"ನಾನು ಮಕ್ಕಳ ಬೆಂಚಿನ್ಯಾಗs ಕೂಡ್ತೀನಿ."

ಕುಳಿತರು. ಮೊಣಕಾಲು ಗದ್ದಕ್ಕೆ ತಾಕುತ್ತಿತ್ತು. ನನಗೆ ಸಿಟ್ಟು ಬಂತು, ನಿಜ. ಇಷ್ಟು ವರ್ಷ ಹೊತ್ತ ಕುರ್ಚಿಯನ್ನು ಹುಡುಗಿಯೊಬ್ಬಳು ಬೇಡ ಅಂದುಬಿಟ್ಟಳಲ್ಲ. ಆದರೆ ಅವರು ಗಡಿಯಾರ ನೋಡಲಿಲ್ಲ, ತೂಕಡಿಸಲಿಲ್ಲ, ಪಾಠ ಮುಗಿಯುವ ತನಕ ಏಳಲಿಲ್ಲ. ಮೀಟರಿನವನ ನಂತರ ನಾನು ಕಂಡ ಎರಡನೆಯ ಪೂರಾ ಕಿವಿ.

ಮೇಡಂ ಹಾಕುವ ಮಾರ್ಕ್ಸ್ ಮೂರು ಭಾಗ: ಮಕ್ಕಳ ಪರೀಕ್ಷೆಯ ಫಲಿತಾಂಶ, ಅವರೇ ಕೂತು ನೋಡಿದ ಪಾಠ, ತಂದೆತಾಯಿಗಳ ಅಭಿಪ್ರಾಯ. ಪಾಠಕ್ಕೆ ಸುಮಂಗಲಾ ಟೀಚರಿಗೆ ಚೆನ್ನಾಗಿಯೇ ಬಂತು. ಫಲಿತಾಂಶದಲ್ಲಿ ಬಿದ್ದರು. ಬೀಳದೆ ಏನು? ಕಲಿಸಿದ ಮಕ್ಕಳು ಪರೀಕ್ಷೆಗೆ ಇರುವುದಿಲ್ಲ, ಪರೀಕ್ಷೆಗೆ ಕೂತ ಮಕ್ಕಳು ಕಲಿಯಲು ಇದ್ದಿರಲಿಲ್ಲ. ಇನ್ನು ಉಳಿದದ್ದು ತಂದೆತಾಯಿಗಳ ಮಾತು. ಅದು ಒಳ್ಳೆಯದಿದ್ದರೆ ಮುಂದಿನ ವರ್ಷದ ಆರ್ಡರು ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಇದನ್ನು ದೇಶಪಾಂಡೆ ಸರ್ ನನಗೂ ಟೀಚರಿಗೂ ಬಾಗಿಲು ಹಾಕಿಕೊಂಡು ಹೇಳಿದರು.

ಟೀಚರ್ ಸೆರಗಿನ ಅಂಚು ಸುತ್ತುತ್ತ ಕೂತಿದ್ದರು. "ಅವರು ನನ್ನ ಮುಖಾನೂ ಸರಿ ನೋಡಿಲ್ರೀ ಸರ್. ಹೊತ್ತು ಹುಟ್ಟೂದಕ್ಕ ಕೆಲಸಕ್ಕ ಹೋಗ್ತಾರ. ಏನಂತ ಹೇಳ್ತಾರ?"

"ಶರಣಪ್ಪ ಹೋಗಿ ಕರಕೊಂಡು ಬರ್ತಾನ. ನಮ್ಮ ಕಡಿ ಮಂದಿ. ಚೊಲೊ ಹೇಳ್ತಾರ ತಗೋರಿ."

ಹೋದೆ. ಬಸ್ಸು ಬದಲಿಸಿ, ಕಲ್ಲುಪುಡಿಯ ರಸ್ತೆಯಲ್ಲಿ ನಡೆದು, ಶೆಡ್ಡು ಶೆಡ್ಡಿಗೆ ಹೋಗಿ ಹೇಳಿದೆ. "ಪಟ್ಟಣದ ಮೇಡಂ ಬಂದಾಳ. ಟೀಚರ್ ಹೆಂಗ ಅಂತ ಕೇಳ್ತಾಳ. ನೌಕರಿ ಪ್ರಶ್ನೆ ಐತಿ, ಚೊಲೊ ಹೇಳ್ರಿ." ಅವರಲ್ಲಿ ಹಣಮಂತ ಎಂಬ ಗೌಂಡಿ ಮುಖಂಡನಿದ್ದಂತೆ. ಎತ್ತರದ ಆಳು, ಸಿಮೆಂಟು ತಿಂದ ಕೈಗಳು. ಅವನ ಮಗಳು ಅಂಬಿಕಾ ಟೀಚರ ವರ್ಗದಲ್ಲೇ ಇದ್ದಳು. ಎದೆ ಮುಟ್ಟಿಕೊಂಡು ಹೇಳಿದ: "ಚಿಂತಿ ಮಾಡಬ್ಯಾಡ್ರಿ ಅಣ್ಣಾ. ಟೀಚರಮ್ಮಗ ಹೆಂಗ ಹೊಗಳಬೇಕು, ನನಗ ಬಿಡ್ರಿ."

ಬಿಟ್ಟೆ.

ವಾರದ ರಜೆಯ ದಿನ ಎಲ್ಲರೂ ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಅಂಗಿ ತೊಟ್ಟು ಬಂದರು. ಪಲ್ಲವಿ ಮೇಡಂ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದರು. ನಾನು ಬಾಗಿಲಲ್ಲಿ ಚಹಾದ ಕೆಟಲು ಹಿಡಿದು ನಿಂತಿದ್ದೆ. ಮೊದಲು ಹಣಮಂತ.

"ಸುಮಂಗಲಾ ಟೀಚರ್ ಹೆಂಗ ಕಲಸ್ತಾರ್ರೀ?"

"ಭಾಳ ಚೊಲೊ ರೀ ಮೇಡಂ. ಚೆಂದಂಗ ಹೊಡೀತಾರ."

ಲ್ಯಾಪ್‌ಟಾಪಿನ ಮೇಲೆ ಮೇಡಂ ಬೆರಳು ನಿಂತಿತು. "ಏನಂದ್ರಿ?"

"ಹೊಡೀತಾರ್ರೀ! ಸ್ವಂತ ಮಕ್ಕಳಂಗ ಹೊಡೀತಾರ. ತಮ್ಮ ಜಾತಿ, ಮಂದಿ ಜಾತಿ ಅಂತ ಭೇದ ಮಾಡಂಗಿಲ್ಲ. ಎಲ್ಲಾರಿಗೂ ಸಮ."

ಒಳಗೆ ನುಗ್ಗಲು ಬರುವುದಿಲ್ಲ, ಹೊರಗೆ ನಿಲ್ಲಲು ಆಗುವುದಿಲ್ಲ. ಎರಡನೆಯವಳು ಒಬ್ಬ ತಾಯಿ, ಕಂಕುಳಲ್ಲಿ ಕೂಸು. ಹಣಮಂತ ಹೊರಬಂದವನೇ ಅವಳ ಕಿವಿಯಲ್ಲಿ ಏನೋ ಊದಿದ್ದ. ಆಕೆ ಒಳಗೆ ಹೋಗಿ ಕೂರುವ ಮೊದಲೇ ಶುರು ಮಾಡಿದಳು: "ದೇವರಂಥಾಕಿ ರೀ ಯವ್ವಾ. ನನ ಮಗನ್ನ ಕಟಿಗಿ ಮುರಿಯಂಗ ಹೊಡದಾಳ್ರೀ. ಅದಕs ನೋಡ್ರಿ, ನೂರರ ಮಟ ಎಣಸ್ತಾನ."

ಹೀಗೆ ಒಬ್ಬರ ಮೇಲೊಬ್ಬರು. ಒಬ್ಬ ಕೋಲು ಹೇಳಿದರೆ ಇನ್ನೊಬ್ಬ ಬೆಲ್ಟು ಹೇಳಿದ. ಸೀರೆ ಉಟ್ಟ ಟೀಚರಿಗೆ ಬೆಲ್ಟು ಎಲ್ಲಿಂದ ಬಂತು ಎಂದು ಯಾರೂ ಯೋಚಿಸಲಿಲ್ಲ. ಹೊಗಳಿಕೆಯಲ್ಲಿ ತಾನು ಹಿಂದೆ ಬೀಳಬಾರದು, ಅಷ್ಟೇ. ಅವರ ಊರಲ್ಲಿ ಮಾಸ್ತರರನ್ನು ಹೊಗಳುವ ರೀತಿಯೇ ಅದು. ಹೊಡೆದರೆ ಕಾಳಜಿ ಇದೆ ಎಂದು ಅರ್ಥ. ಹೊಡೆಯದ ಮಾಸ್ತರ ಪಗಾರಕ್ಕೆ ಬಂದು ಹೋಗುವವನು. ಚೊಲೊ ಹೇಳಿ ಎಂದು ನಾನು ಹೇಳಿದ್ದೆ. ಅವರಿಗೆ ಗೊತ್ತಿದ್ದ ಅತಿ ಚೊಲೊ ಮಾತನ್ನೇ ಆಡಿದರು.

ನಿಜವೇನೆಂದರೆ ಆ ಟೀಚರ್ ಒಂದು ಮಗುವಿನ ಮೇಲೂ ಕೈ ಎತ್ತಿದವರಲ್ಲ.

ಹೊಸ ಪದ್ಧತಿಯಲ್ಲಿ ಮಕ್ಕಳನ್ನು ಹೊಡೆಯುವ ಟೀಚರಿಗೆ ಕ್ಷಮೆ ಇರಲಿಲ್ಲ. ಬಾಕಿ ಮಾರ್ಕ್ಸ್ ಎಷ್ಟೇ ಇರಲಿ, ಆ ಒಂದು ಕಪ್ಪು ಗುರುತು ಬಿದ್ದರೆ ಆರ್ಡರು ಇಲ್ಲ. ಆ ನಿಯಮ ಸರಿಯಾದದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಪಲ್ಲವಿ ಮೇಡಂ ಮುಖ ಬಿಳಿಚಿಕೊಂಡು ಹೆಡ್‌ಮಾಸ್ತರರ ಕೋಣೆಗೆ ಹೋದರು. ಹೊರಗೆ ಹಣಮಂತ ನನ್ನ ಭುಜ ತಟ್ಟಿದ. "ಹೆಂಗ ಅಣ್ಣಾ? ಕಾಯಂ ಆಗ್ತದ ಅಲ್ಲ ನೌಕರಿ?"

"ಲೇ ಹಣಮಂತಾ," ಎಂದೆ, "ನೌಕರಿ ತಗದು ಕೈಯಾಗ ಕೊಟ್ಟಿ ನೋಡಪ್ಪಾ."

ವಿಷಯ ಬಿಡಿಸಿ ಹೇಳಿದ ಮೇಲೆ ಅವನ ದವಡೆ ಜೋತುಬಿತ್ತು. "ಹೊಡದ್ರ ತಪ್ಪೇನ್ರೀ?" ಎಂದು ನಿಜವಾಗಿಯೂ ಕೇಳಿದ. ಆಮೇಲೆ, "ತಡೀರಿ, ಈಗs ಸರಿ ಮಾಡ್ತೀನಿ" ಎಂದು ಎಲ್ಲರನ್ನೂ ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದ. ನಾನು ತಡೆದರೂ ಕೇಳಲಿಲ್ಲ.

"ಮೇಡಂ, ಮೊದಲ ಹೇಳಿದ್ದು ಸುಳ್ಳು ರೀ. ಟೀಚರ್ ಹೊಡಿಯಂಗೇ ಇಲ್ಲ."

"ಬೈಯಂಗೂ ಇಲ್ರೀ," ಎಂದಳು ಕೂಸಿನ ತಾಯಿ.

"ಜೋರು ಮಾತs ಆಡಂಗಿಲ್ಲ."

"ಮಕ್ಕಳ ಕಡಿ ನೋಡಂಗೂ ಇಲ್ರೀ ಬೇಕಾದ್ರ!" ಎಂದ ಹಿಂದಿನಿಂದ ಒಬ್ಬ.

ಪಲ್ಲವಿ ಮೇಡಂ ಎಲ್ಲರ ಮುಖ ನೋಡಿದರು, ಕೊನೆಗೆ ನನ್ನ ಮುಖ. "ಯಾರೋ ಹೇಳಿಕೊಟ್ಟು ಕಳಿಸ್ಯಾರ ಅಂಕಲ್. ಮೊದಲಿನ ಮಾತು ನಿಜ ಅಂತ ತಿಳಕೋಬೇಕಾಗ್ತದ."

ದೇಶಪಾಂಡೆ ಸರ್ ಈ ಸಲ ಖತಂ ಅನ್ನಲಿಲ್ಲ. ಲವಂಗ ಉಗುಳಿ ಎದ್ದು ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದೆ. "ಮೇಡಂ, ನಾನು ಹೇಳಿದ್ರ ನನ್ನ ಟೀಚರ್ ಅಂತ ಹೇಳ್ತೇನಿ ಅಂತೀರಿ. ಇವರು ಹೇಳಿದ್ರ ಕಲಿಸಿಕೊಟ್ಟಾರ ಅಂತೀರಿ. ಒಂದು ಮಾಡ್ರಿ. ನಾಳೆ ಮತ್ತ ವರ್ಗಕ್ಕ ಬರ್ರಿ. ಹೇಳದs ಬರ್ರಿ. ಯಾವಾಗ ಬೇಕಾದ್ರೂ."

"ಬರ್ತೀನಿ ಸರ್," ಎಂದರು ಮೇಡಂ. ಹಣಮಂತನ ಕಡೆ ತಿರುಗಿ, "ನೀವೂ ಬರ್ರಿ. ಟೀಚರ್ ಎದುರಿಗೆ ಹೇಳ್ರಿ, ಯಾವುದು ನಿಜ ಅಂತ."

ಮರುದಿನ ಹಣಮಂತ ದಿನದ ಕೂಲಿ ಬಿಟ್ಟು ಬಂದ. ಸುಮಂಗಲಾ ಟೀಚರಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿತ್ತು. ಬೆಳಿಗ್ಗೆ ಕೀಲಿ ತೆಗೆಯುವಾಗ ನನ್ನ ಹಿಂದೆ ಬಂದು ನಿಂತು, "ಶರಣಪ್ಪಾ, ನನ್ನ ಬ್ಯಾಗ್ನ್ಯಾಗ ಮಗಳ ಕಾಲೇಜ್ ಫೀಸಿನ ಚೀಟಿ ಐತಿ. ಅದನ್ನ ನೋಡಿದ್ರ ಪಾಠದ ಕಡೆ ಲಕ್ಷ್ಯ ಇರಂಗಿಲ್ಲ. ವರ್ಗಕ್ಕ ಒಯ್ಯಾಂಗಿಲ್ಲ, ನಿನ್ನ ಕಡೆ ಇಟ್ಕೊ" ಎಂದು ಚೀಲ ಕೊಟ್ಟರು. ಕಣ್ಣು ಕೆಂಪಾಗಿದ್ದವು. ವರ್ಗದ ಹೊಸ್ತಿಲು ದಾಟಿದ ಮೇಲೆ ದನಿ ಎಂದಿನದೇ.

ಆ ದಿನ ಅಳತೆಯ ಪಾಠ. ಮರದ ಉದ್ದನೆಯ ಪಟ್ಟಿ ಹಿಡಿದು ಟೀಚರ್ ಬೆಂಚು ಬೆಂಚಿನ ನಡುವೆ ಓಡಾಡುತ್ತಿದ್ದರು. ಪಲ್ಲವಿ ಮೇಡಂ ಸದ್ದಿಲ್ಲದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನಾನೂ ಹಣಮಂತನೂ ಬಾಗಿಲ ಹೊರಗೆ.

"ಈ ಬೆಂಚು ಎಷ್ಟು ಉದ್ದ ಐತಿ? ಅಂದಾಜ್ಲೆ ಹೇಳ್ರಿ ನೋಡೋಣ!"

"ಲಂಬಾ ಐತ್ರೀ ಟೀಚರ್!"

"ಲಂಬಾ ಅಂದ್ರ ಎಷ್ಟು? ನಿಮ್ಮಪ್ಪ ಗ್ವಾಡಿ ಕಟ್ಟೂವಾಗ ಲಂಬಾ ಕಟ್ಟೀನಿ ಅಂದ್ರ ಸೇಠ್ ಬಿಡ್ತಾನೇನು?"

ಮಕ್ಕಳು ನಕ್ಕರು. ಪಟ್ಟಿ ಒಬ್ಬನ ತಲೆಯ ಮೇಲಿನಿಂದ ಬೀಸಿ ಹೋಗಿ ಬೆಂಚಿನ ಮೇಲೆ ಟಪ್ ಎಂದು ಬಿತ್ತು. ಯಾರೂ ಬೆಚ್ಚಲಿಲ್ಲ. ಒಬ್ಬ ಹುಡುಗ ಪಟ್ಟಿಯ ತುದಿಯನ್ನೇ ಹಿಡಿದು, "ನಾ ಅಳೀತೀನ್ರೀ, ನನಗ ಕೊಡ್ರಿ" ಎಂದು ಜಗ್ಗಿದ. ಟೀಚರ್ ಬಿಡಲಿಲ್ಲ, ಅವನೂ ಬಿಡಲಿಲ್ಲ. ಅಂಬಿಕಾ ಎರಡನೆಯ ಬೆಂಚಿನಿಂದ ಎದ್ದು ಟೀಚರ ಸೆರಗು ಎಳೆದು, "ಅವಂದು ನಿನ್ನೆ ಆಗೈತ್ರೀ, ಇವತ್ತು ನಂದು" ಎಂದು ಜಗಳಕ್ಕೇ ನಿಂತಳು. ಪಟ್ಟಿ ಅವಳ ಕೈಗೆ ಹೋಯಿತು.

ಆಗ ಪಲ್ಲವಿ ಮೇಡಂ ಬಾಗಿಲ ಕಡೆ ನೋಡಿ, ಬನ್ನಿ ಎಂದು ಸನ್ನೆ ಮಾಡಿದರು. ಹಣಮಂತ ಚಪ್ಪಲಿ ಬಿಟ್ಟು ಒಳಗೆ ಹೋದ. ಟೀಚರ ಮುಂದೆ ನಿಂತ. ಅವರ ಕಡೆ ನೋಡಲಾಗದೆ, ಹಣೆಗೊಯ್ದು ನಮಸ್ಕಾರ ಮಾಡಬೇಕೆಂದು ಆ ದೊಡ್ಡ ಕೈಯನ್ನು ಎತ್ತಿದ.

ಮಗಳು ಅವನ ಪಕ್ಕದಲ್ಲೇ ಇದ್ದಳು. ಕೈ ಎದ್ದದ್ದೇ ತಡ, ಅವಳ ತಲೆ ಭುಜದೊಳಗೆ ಹೋಯಿತು. ಎಡ ತೋಳು ಮುಖಕ್ಕೆ ಅಡ್ಡ ಬಂತು. ಪಟ್ಟಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಒಬ್ಬನು ಬಗ್ಗಿ ಪಟ್ಟಿ ಎತ್ತಿಕೊಂಡು ತನ್ನ ಪಾಳಿ ಬಂತೆಂದು ಬೆಂಚು ಅಳೆಯತೊಡಗಿದ. ಹಣಮಂತನ ಕೈ ಮೇಲೆಯೇ ನಿಂತಿತ್ತು. ಅದನ್ನು ಯಾರದೋ ಕೈ ಎಂಬಂತೆ ನೋಡಿದ. ಆಮೇಲೆ ನಿಧಾನವಾಗಿ, ಹೆದರಿದ ಆಕಳ ಪಕ್ಕದಲ್ಲಿ ಕೈ ಇಳಿಸುವಂತೆ, ಕೆಳಗೆ ಇಳಿಸಿದ.

ಪಲ್ಲವಿ ಮೇಡಂ ಲ್ಯಾಪ್‌ಟಾಪು ಮುಚ್ಚಿ ಎದ್ದು ಹೊರಗೆ ಬಂದರು. ವರಾಂಡದಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. "ಅಂಕಲ್, ಸರ್‌ಗ ಹೇಳ್ರಿ. ಆ ಕಪ್ಪು ಗುರುತು ತಗೀತೀನಿ. ನಾನು ಕಣ್ಣಾರೆ ಕಂಡದ್ದು ಬರೀತೀನಿ."

ಬರೆದರು. ಕಮಿಟಿಯಲ್ಲಿ ಸೆಕ್ರೆಟರಿ, "ಫಲಿತಾಂಶ ಕಡಿಮೆ ಇದೆಯಲ್ಲ ಮೇಡಂ" ಎಂದು ಎಳೆದರು. ಮೇಡಂ, "ವರ್ಷಪೂರ್ತಿ ಇದ್ದ ಮಕ್ಕಳದ್ದಷ್ಟs ಬ್ಯಾರೆ ತಗದು ನೋಡ್ರಿ ಸರ್" ಎಂದರು. ನೋಡಿದರು. ಸೆಕ್ರೆಟರಿಯೂ ಕೆಟ್ಟವರಲ್ಲ, ಬಂದ ಮಕ್ಕಳು, ಹೋದ ಮಕ್ಕಳು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮುಂದಿನ ವರ್ಷದ ಆರ್ಡರು ಆಯಿತು. ದೇಶಪಾಂಡೆ ಸರ್ ಹೊಸ ಲವಂಗ ಬಾಯಿಗೆ ಹಾಕಿಕೊಂಡು, "ಪೇಢೆ ತರ್ಸು" ಎಂದರು.

ಹುಡುಗರೇ, ನನ್ನ ನಂತರ ಶಾಲೆಯ ಮೂಲೆ ಮೂಲೆಗೆ ಕ್ಯಾಮೆರಾ ಬಂತು, ಮೊಬೈಲಿನಲ್ಲಿ ನಕ್ಷತ್ರ ಒತ್ತಿ ಟೀಚರಿಗೆ ಮಾರ್ಕ್ಸ್ ಕೊಡುವುದೂ ಬಂತು ಎಂದು ಕೇಳುತ್ತೇನೆ. ಬರಲಿ. ಅಳೆಯುವುದು ಬೇಡ ಎಂದು ನಾನು ಹೇಳುವವನಲ್ಲ. ನಿದ್ದೆ ಮಾಡುವ ಸಾಹೇಬರಿಗಿಂತ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ ಆ ಹುಡುಗಿಯೇ ವಾಸಿ. ನಿಮ್ಮ ಕೆಲಸ ಬಾಗಿಲಲ್ಲಿ ನಿಲ್ಲುವುದು. ನಿಂತಾಗ ಕಣ್ಣು ಬಿಟ್ಟುಕೊಂಡು ನಿಲ್ಲಿ.

ಆ ದಿನದ ಕೊನೆಯದೊಂದು ಮಾತು ಉಳಿದಿದೆ. ಸಂಜೆ ಗಂಟೆ ಬಾರಿಸಿದ ಮೇಲೂ ಹಣಮಂತ ಹೋಗಿರಲಿಲ್ಲ. ವರಾಂಡದ ಕಂಬಕ್ಕೆ ಒರಗಿ ಕೂತಿದ್ದ. ಟೀಚರ್ ಹೊರಬಂದು ನನ್ನಿಂದ ಚೀಲ ಇಸಿದುಕೊಳ್ಳುವಾಗ ಎದ್ದು ಬಂದ. ಕ್ಷಮೆ ಕೇಳುತ್ತಾನೆ ಎಂದುಕೊಂಡೆ.

"ಟೀಚರಮ್ಮಾ, ಒಂದ್ ಮಾತು ಕೇಳ್ಲೇನ್ರೀ?"

"ಕೇಳಪ್ಪಾ."

"ಹೊಡೀಲಾರದ ಹೆಂಗ ಕಲಸ್ತೀರಿ?"

ತಮಾಷೆಗೆ ಕೇಳಿದ್ದಲ್ಲ. ಗೋಡೆ ಎತ್ತುವ ಮನುಷ್ಯ ಇನ್ನೊಬ್ಬ ಗೌಂಡಿಯನ್ನು, ಸುಣ್ಣ ಹಾಕದೆ ಕಲ್ಲು ಹೇಗೆ ನಿಲ್ಲಿಸಿದೆ ಎಂದು ಕೇಳುವ ಹಾಗೆ ಕೇಳಿದ. ಟೀಚರಿಗೆ ದಣಿವಾಗಿತ್ತು. ಸೊಂಟದ ಸೆರಗು ಬಿಚ್ಚಿ ಮುಖ ಒರೆಸಿಕೊಂಡರು.

"ಹೊಡಿಯಾಕ ಟೈಮ್ ಎಲ್ಲೈತಿ ಯಪ್ಪಾ? ನೀವು ದೀಪಾವಳಿಗೆ ಗಂಟು ಕಟ್ಟತೀರಿ. ಅಷ್ಟರಾಗ ಕಲಿಸೋದs ರಗಡ ಐತಿ."

ಅವನು ತಲೆಯಾಡಿಸಿದ. ಮಗಳನ್ನು ಕರೆದ. ಅಂಬಿಕಾ ಒಂದು ಮಾರು ದೂರ ಬಿಟ್ಟು ಹಿಂದೆ ಹೊರಟಳು. ಸ್ವಲ್ಪ ನಡೆದ ಮೇಲೆ ಹಣಮಂತ ತಿರುಗಿ ಅವಳನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮುಂದೆ ನಡೆದ. ಗೇಟಿಗೆ ಬೀಗ ಹಾಕಲೆಂದು ನಾನು ಅವರ ಹಿಂದೆಯೇ ಹೋಗುತ್ತಿದ್ದೆ. ರಸ್ತೆ ಮುಟ್ಟುವಷ್ಟರಲ್ಲಿ ಹುಡುಗಿ ಅವನ ಪಕ್ಕಕ್ಕೆ ಬಂದಿದ್ದಳು.